ಮೂರನೇ ತಿರುವಿನ ಹುಲ್ಲು

ನಮ್ಮ ಅಡಿಗಿ ಮನಿ ಕಿಡಕ್ಯಾಗಿಂದ ಕೈ ಚಾಚಿದ್ರ ರೇಸಿನ ಟ್ರ್ಯಾಕಿನ ಮೂರನೇ ತಿರುವು ಸಿಗತಿತ್ತು. ಮಂದಿ ಮನ್ಯಾಗ ಕಿಡಕಿ ತಗದ್ರ ತುಳಸಿಕಟ್ಟಿ ಕಾಣ್ತೈತಿ, ಇಲ್ಲಾ ಬಾಜೂ ಮನಿಯವರು ಒಣ ಹಾಕಿದ ಅರಬಿ ಕಾಣ್ತಾವ. ನಮ್ಮಲ್ಲೆ ಕೆಂಪು-ಬಿಳಿ ಬಣ್ಣ ಬಳದ ಹಳೇ ಲಾರಿ ಟಾಯರು, ಅದರ ಹಿಂದ ಧೂಳ, ಆ ಧೂಳದಾಗ ಬೋರಲ ಬಿದ್ದ ನಾನು. ಅವ್ವ ರೊಟ್ಟಿ ಬಡಿಯೂದು ನಿಲ್ಲಸದ, ತಲಿ ಎತ್ತಿ ಸುದ್ದಾ ನೋಡದ, ಮನಿ ಮಂದಿಗೆಲ್ಲಾ ಸುದ್ದಿ ಮುಟ್ಟಸ್ತಿದ್ಲು:

“ಅಜ್ಯಾ ಬಿದ್ದಾನ. ಯಾರರ ಹೋಗ್ರಿ. ಗಾಡಿ ಮೊದಲ ಎತ್ರಿ, ಆಂವ ತಾನ ಏಳ್ತಾನ.”

ನನ್ನ ಹೆಸರು ಅಜಿತ. ಸೋಲಿಲ್ಲದಾಂವ ಅಂತ ಅರ್ಥ. ಹೆಸರಿಟ್ಟಾಕಿ ನಮ್ಮ ಆಯಿ, ಅಂದ್ರ ಅಪ್ಪನ ಅವ್ವ. ಪಾಪ, ಆಕಿ ಆವಾಗಿನ್ನೂ ನಾ ಗಾಡಿ ಹೊಡಿಯೂದು ನೋಡಿರಲಿಲ್ಲ. ಆ ಟ್ರ್ಯಾಕಿನ ಮ್ಯಾಲ ನನ್ನ ಸೋಲಸದವರು ಯಾರೂ ಇಲ್ಲ. ಒಮ್ಮೆ ಕೊರೋಚಿ ಊರಾಗಿನ ನಾಯಿ ಒಂದು ನನ್ನ ದಾಟಿ ಮುಂದ ಹೋಗಿ, ನಿಂತು, ಹೊಳ್ಳಿ ನೋಡಿ, ನಾ ಬರೂತನಕ ಕಾಯ್ದಿತ್ತು.

ಟ್ರ್ಯಾಕ ಕಟ್ಟಿಸಿದಾಂವ ಅಪ್ಪ. ಕಬನೂರಾಗ ನಮ್ಮ ಪಾವರಲೂಮ್ ಇದ್ದವು, ಹೊಟ್ಟಿ ತುಂಬೂದು ಅವುಗಳಿಂದ. ಕೊರೋಚಿ ದಾಟಿ ಅಜ್ಜನ ಕಾಲದ ಮಾಳದ ಹೊಲ ಒಂದಿತ್ತು, ಕಲ್ಲು ಬಿಟ್ರ ಅಲ್ಲೆ ಏನೂ ಬೆಳೀತಿರಲಿಲ್ಲ. ಹುಟ್ಟಿದಾಗಿಂದ ಮಗ್ಗದ ಖಟಖಟಾ ಕೇಳಿದ ಅಪ್ಪಗ ಇಂಜಿನ್ನಿನ ಸಪ್ಪಳಾ ಸಂಗೀತ ಅನಸ್ತಿತ್ತು. ಕೊಲ್ಲಾಪುರದ ಫೌಂಡ್ರಿಗಳಾಗ ತನಗ ಬೇಕಾದ ಭಾಗ ಎರಕಾ ಹೊಯ್ಸಕೊಂಡ ಬಂದು, ಹಳೇ ಸ್ಕೂಟರಿನ ಇಂಜಿನ್ ಜೋಡ್ಸಿ, ಕುಂತ್ರ ಕುಂಡಿಗೆ ನೆಲಾ ತಗಲೂವಂಥ ಸಣ್ಣ ಸಣ್ಣ ರೇಸಿನ ಗಾಡಿ ಮಾಡಿದ. ಮಾಳಾ ಸಪಾಟ ಮಾಡ್ಸಿ ಡಾಂಬರ ಹಾಕ್ಸಿದ. ಗಾಡಿ ಕಾಯಾಕ ಒಬ್ಬ ಆಳಿನ್ನ ಇಡೂ ಬದ್ಲಿ ಇಡೀ ಸಂಸಾರನ ಅಲ್ಲೆ ತಂದಿಟ್ಟ. ನಾಕು ಖೋಲಿ ಮನಿ: ಅಡಿಗಿ ಖೋಲಿ, ದೇವರ ಖೋಲಿ, ಮಲಗೂ ಖೋಲಿ, ಗಾಡಿ ಖೋಲಿ. ಗಾಡಿ ಖೋಲಿ ಬಾಗಲಾ ದೇವರ ಖೋಲಿ ಬಾಗಲಕ್ಕಿಂತ ದೊಡ್ಡದಾತು ಅಂತ ಆಯಿಗೂ ಅಪ್ಪಗೂ ದಿನಾ ಜಗಳ.

“ದೇವರ ಮುಂದ ಹೋಗಾಕ ನಾ ತಲಿ ಬಗ್ಗಸಬೇಕು, ನಿನ್ನ ಗಾಡಿ ಮಾತ್ರ ಸೀದಾ ಒಳಗ ಬರ್ತಾವ.”

“ದೇವರಿಗೆ ರಿವರ್ಸ್ ತಗಿಯೂ ಕೆಲಸಾ ಬರೂದಿಲ್ಲಲ್ಲ ಅವ್ವಾ.”

ನಾವು ಜೈನರು. ಹೊತ್ತು ಮುಳುಗಿದ ಮ್ಯಾಲ ನಮ್ಮ ಮನ್ಯಾಗ ಯಾರೂ ತುತ್ತು ಎತ್ತೂದಿಲ್ಲ. ಕೊಲ್ಲಾಪುರದ ಮಂದಿ, ಗಡಹಿಂಗ್ಲಜದ ಮಂದಿ ಐತವಾರ ಬಿಸಲ ಇಳದ ಮ್ಯಾಲ ಗಾಡಿ ಹೊಡ್ಯಾಕ ಬರ್ತಿದ್ರು. ಹಂಗಾಗಿ ರೇಸಿಗೆ ರಂಗ ಏರೂ ಹೊತ್ತೂ ನಮ್ಮ ತಾಟು ಹಾಕೂ ಹೊತ್ತೂ ಒಂದ. ಅವ್ವ ಮಾಳಿಗಿ ಮ್ಯಾಲ ನಿಂತು ಸೂರ್ಯಾನ್ನ ನೋಡಾಕಿ. ಇನ್ನೊಂದ ಸುತ್ತಿಗೆ ಹೊತ್ತೈತಿ ಅನ್ನೂವಾಗ ಹಿತ್ತಾಳಿ ತಾಟಿಗೆ ಸೌಟಲೆ ಬಡಿಯಾಕಿ. ಬ್ಯಾರೇ ಕಡೆ ರೇಸ್ ಮುಗಸಾಕ ಕರೀ-ಬಿಳಿ ಚೌಕಡಿ ನಿಶಾನಿ ಬೀಸ್ತಾರಂತ. ನಮ್ಮಲ್ಲೆ ಅವ್ವನ ತಾಟು. ಅಪ್ಪ ಬರಾಂವ, ಅಕ್ಕ ಬರಾಕಿ, ಕೈಕಾಲ ತೊಳಕೊಂಡು ಕುಂದ್ರೂವಷ್ಟ್ರಾಗ ನಾ ಇನ್ನೂ ಎರಡನೇ ತಿರುವಿನ್ಯಾಗ ಇಂಜಿನ್ನಿಗೆ ಕೈ ಮುಗೀತಿದ್ದೆ. ಹಿಂಗ ನಾ ಮಾಡಿದ ಉಪಾಸಾ ಎಲ್ಲಾ ಕೂಡಿಸಿದ್ರ ಇಷ್ಟೊತ್ತಿಗೆ ಮೋಕ್ಷ ಸಿಗಬೇಕಿತ್ತು. ಸಿಕ್ರೂ ಅಲ್ಲಿಗೆ ನಾ ತಡಾ ಮಾಡೇ ಮುಟ್ಟತೇನಿ.

ಆದ್ರ ಖರೇ ಹೇಳ್ಬೇಕಂದ್ರ ಭಾಳ ದಿನಾ ಉಪಾಸ ಬೀಳಲಿಲ್ಲ. ಅಕ್ಕ ಇದ್ಲು. ಪದ್ಮಕ್ಕ. ಆಕಿ ಗಾಡ್ಯಾಗ ಕುಂತ್ರ ಗಾಡಿ ಮತ್ತ ಆಕಿ ಬ್ಯಾರೆ ಅನಸ್ತಿರಲಿಲ್ಲ. ಕೊಲ್ಲಾಪುರದ ಮೀಸಿ ಹೊತ್ತ ಗಂಡಸರು ಹೆಲ್ಮೆಟ್ ತಗದು, ಸೋಲಿಸಿದ್ದು ಎರಡು ಜಡಿ ಹುಡಿಗಿ ಅಂತ ಗೊತ್ತಾದ ಕೂಡ್ಲೆ ಇಂಜಿನ್ನಿಗೆ ಬೈಯಾಕ ಸುರು ಮಾಡ್ತಿದ್ರು. ತಾಟು ಬಡದ ಮ್ಯಾಲ ಅಕ್ಕ ತನ್ನ ಸುತ್ತು ಮುಗಸಾಕಿ, ನಾ ಬಂದಿಲ್ಲ ಅಂತ ನೋಡಿ ಇನ್ನೊಂದು ಸುತ್ತು ಹೊಡದು ನನ್ನ ಹಿಂದ ಬಂದು, ತನ್ನ ಗಾಡಿ ಮೂತಿ ನನ್ನ ಗಾಡಿ ಕುಂಡಿಗೆ ಹಚ್ಚಿ ನೂಕಾಕಿ.

“ಲೇ ಅಜ್ಯಾ, ಬ್ರೇಕ್ ಮ್ಯಾಲಿಂದ ಕಾಲ ತಗಿ. ನಾ ಹಿಂದ ಅದೇನಿ.”

ಹಂಗ ನೂಕಸಕೊಂಡ, ಹೊತ್ತು ಮುಳುಗೂದರೊಳಗ ನಾ ತಾಟಿನ ಮುಂದ. ನನ್ನ ಸಣ್ಣ ವಯಸ್ಸಿನ ಊಟ ಎಲ್ಲಾ ಅಕ್ಕ ಹಿಂದಿಂದ ನೂಕಿದ ಊಟ.

ನನ್ನ ಪರಾಕ್ರಮ ಮನಿ ಒಳಗೂ ಕಡಿಮಿ ಇರಲಿಲ್ಲ. ಆಯಿ ಕುಡಿಯೂ ನೀರು ಎರಡು ಪದರ ಬಿಳೀ ಅರಬಿಯಾಗ ಗಾಳಸ್ತಿದ್ಲು, ನೀರಿನ್ಯಾಗಿನ ಸಣ್ಣ ಜೀವ ಹೊಟ್ಟ್ಯಾಗ ಹೋಗಬಾರದಂತ. ಒಂದ ದಿನಾ ಅಪ್ಪ “ಪೆಟ್ರೋಲ್ನ್ಯಾಗ ಕಸಾ ಐತಿ, ಗಾಳ್ಸು” ಅಂದ. ನಾ ಆಯಿ ಅರಬಿ ತಗೊಂಡೆ, ಚಂದಂಗ ಗಾಳ್ಸಿದೆ, ಹಿಂಡಿದೆ, ಮತ್ತ ಕೊಡದ ಬಾಯಿಗೆ ಕಟ್ಟಿ ಇಟ್ಟೆ. ಮರುದಿನಾ ಮುಂಜಾನೆ ಮನಿ ಮಂದಿ ಎಲ್ಲಾ ತೇಗಿದ್ರ ಗ್ಯಾರೇಜಿನ ವಾಸನಿ. ಆಯಿ ತಂಬಗಿ ಮೂಗಿಗೆ ಹಿಡದು ಶಾಂತ ರೀತಿಯಿಂದ ಅಂದ್ಲು:

“ಇಷ್ಟ ಗಾಳಸಿದ ಮ್ಯಾಲ ಈ ನೀರಾಗ ಒಂದ ಜೀವಾನೂ ಉಳದಿರೂದಿಲ್ಲ ಬಿಡ್ರಿ.”

ಅದಕ್ಕೂ ದೊಡ್ಡದು ಮಹಾರಾಜರು ಆಹಾರಕ್ಕ ಬಂದ ದಿನದ್ದು. ಮಹಾರಾಜರು ಅಂದ್ರ ನಮ್ಮ ಮುನಿಗಳು. ದಿನಕ್ಕ ಒಮ್ಮೆ, ಅದೂ ನಿಂತು, ಅಂಗೈಯಾಗ ಊಟಾ ಮಾಡ್ತಾರ. ಅವರ ಸಲುವಾಗಿ ಅಂತ ಬ್ಯಾರೆ ಅಡಿಗಿ ಮಾಡಿದ್ರ ಮುಟ್ಟೂದಿಲ್ಲ. ಮನಿ ಮಂದಿ ತಮ್ಮ ಸಲುವಾಗಿ ಮಾಡಕೊಂಡದ್ರಾಗ ಒಂದ ಪಾಲು ಕೊಡಬೇಕು, ಅದ ಪದ್ಧತಿ. ಅವ್ವ ನಮಗ ಹಿಂದಿನ ದಿನಾನ ಪಾಠಾ ಹೇಳಿ ಇಟ್ಟಿದ್ಲು. ಮುಂಜಾನೆ ಬಾಗಲದಾಗ ಕಳಸಾ ಹಿಡಕೊಂಡು ಎಲ್ಲಾರೂ “ನಮೋಸ್ತು, ನಮೋಸ್ತು” ಅನ್ಕೋತ ನಿಂತ್ವಿ. ಮಹಾರಾಜರು ರೇಸಿನ ಟಾಯರ ನಡುವ ನಡಕೋತ ಬಂದ್ರು, ನಮ್ಮ ಮನಿ ಮುಂದ ನಿಂತ್ರು. ಆಯಿ ಕಣ್ಣಾಗ ನೀರು. ಎಲ್ಲಾ ಸುಸೂತ್ರ ನಡದಿತ್ತು, ನನಗ ಭಕ್ತಿ ಉಕ್ಕಿ ಬರೂತನಕ.

“ಮಹಾರಾಜ್, ಒಳಗ ಬರ್ರಿ. ಅವ್ವ ನಸೀಕಿಲೇ ಎದ್ದು ನಿಮ್ಮ ಸಲುವಾಗಿ ಎಷ್ಟ ಮಾಡ್ಯಾಳ ಅಂತೀರಿ. ನಮಗ ಇದು ದಿನಾ ಸಿಗೂದಿಲ್ರಿ.”

ಅವ್ವ ಕಣ್ಣ ಮುಚ್ಚಿದ್ಲು. ಮಹಾರಾಜರು ಸಿಟ್ಟಾಗಲಿಲ್ಲ, ಸುಮ್ನ ಹೊಳ್ಳಿ ಹೋದ್ರು. ಅವತ್ತು ಅವರಿಗೆ ಉಪಾಸ. ಅವರಿಗೆ ಉಪಾಸ ಅಂತ ಆಯಿಗೆ ಉಪಾಸ. ನಾನೂ ಉಪಾಸ ಮಾಡ್ತೇನಿ ಅಂತ ಅತಗೋತ ಹೇಳಿದೆ, ಸ್ವಲ್ಪ ಹೊತ್ತಿನ ಮ್ಯಾಲ ಶಿರಾದ ಪಾತೇಲಿ ಕಡೆ ಕಣ್ಣ ಹೊಂಟವು. ಅಕ್ಕ ಅದನ್ನ ನೋಡಿ, ತಾಟಿಗೆ ಹಾಕಿ ಕೊಟ್ಟು ಅಂದ್ಲು:

“ನೀ ಉಣ್ಣು. ನಿನ್ನ ಪಾಲಿಂದೂ ನಾ ಉಪಾಸ ಮಾಡ್ತೇನಿ.”

ಆಕಿ ಹಂಗ ಇದ್ಲು. ಒಂದ ಸಲಾ ದೊಡ್ಡ ರೇಸ್ ಇಟ್ಟಿದ್ರು, ಭಾಳ ಮಂದಿ ಬಂದಿದ್ರು. ಅಕ್ಕ ಮುಂದ ಇದ್ಲು. ಆದ್ರ ಪ್ರತಿ ಸುತ್ತಿನ್ಯಾಗೂ ಮೂರನೇ ತಿರುವು ಬಂದ ಕೂಡ್ಲೆ ಗಾಡಿ ಹೊರಗ ತಗೊಂಡು, ಅಗಲಕ ಸುತ್ತಿ ಬರ್ತಿದ್ಲು. ಕಡೀ ಸುತ್ತಿನ್ಯಾಗ ಒಬ್ಬ ಒಳಗಿಂದ ನುಗ್ಗಿ ಗೆದ್ದ. ಅಪ್ಪಗ ತಲಿ ಕೆಟ್ಟಿತು.

“ಆ ತಿರುವು ನೀ ನಿದ್ದಿಗಣ್ಣಾಗ ಹೊಡೀತಿ. ಇವತ್ತ ಏನಾಗಿತ್ತ ನಿನಗ?”

“ಒಳಗಿನ ಅಂಚಿನ್ಯಾಗ ಟಿಟವಿ ಹಕ್ಕಿ ತತ್ತಿ ಇಟ್ಟೈತಿ ಅಪ್ಪಾ.”

ಹೋಗಿ ನೋಡಿದ್ವಿ. ಕಲ್ಲಿನ ನಡುವ ಕಲ್ಲಿನಂಗ ಕಾಣೂ ತತ್ತಿ. ಟಿಟವಿ ನಮ್ಮ ತಲಿ ಮ್ಯಾಲ ಹಾರ್ಯಾಡಕೋತ ಬೈಯಾಕತ್ತಿತ್ತು. ಗೆದ್ದಾಂವನ ಗಾಡಿ ಅದರ ಬಾಜೂಕ ಹಾದು ಹೋಗಿತ್ತು, ತತ್ತಿಗೆ ಏನೂ ಆಗಿರಲಿಲ್ಲ. ಅಪ್ಪ ಅವತ್ತು ಉಂಡದ್ದು ಒಂದ ರೊಟ್ಟಿ. ಸೋತದ್ದಕ್ಕಲ್ಲ. ಆಂವಗ ಅವತ್ತ ಏನೋ ಗೊತ್ತಾಗಿರಬೇಕು ಅಂತ ನನಗ ಈಗ ಅನಸ್ತೈತಿ.

ಅವ್ವನ ತವರಮನಿ ಗಡಹಿಂಗ್ಲಜ. ಒಂದ ವರ್ಷ ಮಳಿಗಾಲದಾಗ ಅಲ್ಲೆ ಮಾತಾಜಿಗಳ, ಅಂದ್ರ ನಮ್ಮ ಸನ್ಯಾಸಿನಿಯರ, ಸಂಘ ಬಂದು ಚಾತುರ್ಮಾಸಕ್ಕ ಕುಂತಿತ್ತು. ಅಕ್ಕ ಪ್ರವಚನಾ ಕೇಳಾಕ ಹೋದ್ಲು, ಮಾಮಾನ ಮನ್ಯಾಗ ಉಳದ್ಲು, ಹೊಳ್ಳಿ ಬಂದಾಗ ಒಂದೊಂದ ಬಿಡಾಕ ಸುರು ಮಾಡಿದ್ಲು. ಮೊದ್ಲ ಹಸರ ಕಾಯಿಪಲ್ಲೆ ಬಿಟ್ಲು. ನಾ ಖುಷಿ ಪಟ್ಟೆ, ಆಕಿ ಪಾಲಿನ ಬೆಂಡಿಕಾಯಿನೂ ನನಗ. ಆಮ್ಯಾಲ ಗಾದಿ ಬಿಟ್ಲು. ಅದೂ ನನಗ. ಆಮ್ಯಾಲ ಚಪ್ಪಲಿ. ಅದು ನನಗ ಸಣ್ಣದಾತು, ಇಲ್ಲಾಂದ್ರ ಅದನ್ನೂ ಬಿಡ್ತಿರಲಿಲ್ಲ. ಬರಿಗಾಲಲೇ ಗಾಡಿ ಹೊಡ್ಯಾಕತ್ತಿದ್ಲು, ಮೊದಲಿಗಿಂತ ಜೋರ. ಅಪ್ಪಗ ಸಮಾಧಾನ ಆತು, ಗಾಡಿ ಇರೂತನಕ ಹುಡಿಗಿ ಎಲ್ಲೂ ಹೋಗೂದಿಲ್ಲ ಅಂತ. ಒಂದ ಸಂಜಿಕ ತಾಟು ಬಡದಿತ್ತು, ಎಲ್ಲಾರೂ ಉಣ್ಣಾಕ ಕುಂತಿದ್ವಿ.

“ಅಪ್ಪಾ, ನಾಳಿಂದ ಗಾಡಿ ಹೊಡಿಯೂದಿಲ್ಲ.”

“ಯಾಕ? ಭಕ್ತಿ ಮಾಡು, ಬ್ಯಾಡ ಅಂದೇನೇನು? ಗಾಡಿ ಏನ ಪಾಪ ಮಾಡೈತಿ?”

“ಮಳಿಗಾಲದಾಗ ನಿಮ್ಮ ಟಾಯರ ತೊಳಿಯೂದು ನಾನ ಅಪ್ಪಾ. ಅದಕ್ಕ ಏನೇನ ಅಂಟಿರ್ತೈತಿ ನನಗ ಗೊತ್ತೈತಿ.”

ನಾ ಬೆಂಡಿಕಾಯಿ ಉಣಕೋತ ಕುಂತಿದ್ದೆ. ಅದು ನನ್ನ ಪಾಲಿಂದೋ ಆಕಿ ಪಾಲಿಂದೋ ಗೊತ್ತಿಲ್ಲ, ತಾಟಿನ ಅಂಚಿಗೆ ಸರಸಿದೆ.

ಅಕ್ಕ ದೀಕ್ಷಾ ತಗೊಂಡು ಆ ಸಂಘ ಸೇರೂದು ಗಟ್ಟಿ ಆತು. ದೀಕ್ಷಾ ತಗೊಳ್ಳೂ ಮುಂದ ಮೆರವಣಿಗಿ ಮಾಡ್ತಾರ, ಮದುಮಗಳಂಗ ಸಿಂಗಾರ ಮಾಡಿ. ಇಚಲಕರಂಜಿಯೊಳಗ ಮೆರವಣಿಗಿ. ಮ್ಯಾಲ ತೆರದ ಜೀಪು ತರ್ಸಿದ್ರು, ಡ್ರಾಯವರ ಇದ್ದ. ಅಕ್ಕ ರೇಷ್ಮಿ ಸೀರಿ ಉಟಗೊಂಡು ಬಂದಾಕಿ ಡ್ರಾಯವರನ್ನ ಕೆಳಗ ಇಳಿಸಿದ್ಲು, ತಾನ ಸ್ಟೇರಿಂಗ್ ಹಿಡದ್ಲು. ಹಿರ್ಯಾರು ಮುಖಾಮುಖ ನೋಡಿದ್ರು, ಅಪ್ಪ ಮಾತ್ರ ಬಾಜೂಕ ಏರಿ ಕುಂತ. ಮುಂದ ಹೆಣಮಕ್ಕಳು ಹಾಡಕೋತ ನಡದಿದ್ರು, ಅವರ ಹಿಂದ ಅಕ್ಕ, ಮೊದಲನೇ ಗೇರಿನ್ಯಾಗ, ಮಂದಿ ನಡಿಗಿಗೆ ನಡಿಗಿ ಹೊಂದಿಸಿ. ಅಷ್ಟ ಸಾವಕಾಶ ಗಾಡಿ ಹೊಡದದ್ದು ಆಕಿ ಜನ್ಮದಾಗ ಇಲ್ಲ, ಅಷ್ಟ ಸಾವಕಾಶ ಹೊಡ್ಯಾಂವ ನಾ ಒಬ್ಬನ. ಮಂಟಪದ ಮುಂದ ನಿಲ್ಸಿ, ಚಾವಿ ತಿರುವಿ, ತಗದು ಅಪ್ಪನ ಕೈಯಾಗ ಇಟ್ಲು. ಆಮ್ಯಾಲ ಆಕಿ ಯಾವ ಗಾಡಿನೂ ಹತ್ತಿಲ್ಲ, ಹತ್ತೂದೂ ಇಲ್ಲ. ತಲಿ ಮ್ಯಾಲಿನ ಕೂದಲಾ ಕೈಲೇ ಕಿತ್ತೂವಾಗ ಅವ್ವ ನೋಡಲಿಲ್ಲ. ನಾ ನೋಡೇನಿ ಅಂತ ಎಲ್ಲಾರ ಮುಂದ ಹೇಳ್ತೇನಿ. ಖರೇ ಅಂದ್ರ ನಾ ಮಂಟಪದ ಹಿಂದ ಅಡಿಗಿಯವರ ಕಡೆ ಕುಂತು ಅಳಾಕತ್ತಿದ್ದೆ. ಅಲ್ಲಿ ಮಾವಶಿ ಒಬ್ಬಾಕಿ, ಊಟ ತಡಾ ಆತಂತ ಅಳಾಕತ್ತಾನ ಅಂತ ತಿಳದು ಕೈಯಾಗ ಜಿಲೇಬಿ ಕೊಟ್ಲು. ತಿಂದೆ.

ಅವತ್ತಿಂದ ಆಕಿ ನಮ್ಮ ಅಕ್ಕ ಅಲ್ಲ, ಮಾತಾಜಿ. ಬಿಳೀ ಸೀರಿ, ಬರಿಗಾಲು, ಕೈಯಾಗ ನವಿಲಗರಿ ಪಿಂಛಿ. ನಾವು ಮುಟ್ಟಂಗಿಲ್ಲ, “ನೀ” ಅನ್ನಂಗಿಲ್ಲ. ಆಕಿಗೆ ಹೊಸಾ ಹೆಸರು ಬಂತು. ಅಪ್ಪ ಗಾಡಿ ಎಲ್ಲಾ ಗುಜರಿ ಮೋಡಕಾದಾಂವಗ ಹಾಕಿ, ಗೇಟಿಗೆ ಕೀಲಿ ಜಡದು, ನಮ್ಮನ್ನ ಕಬನೂರಿಗೆ ಕರಕೊಂಡ ಬಂದ. ಮಗ್ಗದ ಬಾಜೂಕ ಮನಿ. ಕಿಡಕಿ ತಗದ್ರ ಗ್ವಾಡಿ. ಆಯಿ ಆ ಮನ್ಯಾಗ ತೀರಿಕೊಂಡ್ಲು, ದೇವರ ಖೋಲಿ ಬಾಗಲಾ ಅಲ್ಲೆ ಭಾಳ ದೊಡ್ಡದಿತ್ತು. ಕೊರೋಚಿ ಹೆಸರು ಯಾರೂ ತಗೀತಿರಲಿಲ್ಲ.

ಹೋದ ಮಳಿಗಾಲ ಮುಗಿಯೂ ಹೊತ್ತಿಗೆ ಅವ್ವ ಸುದ್ದಿ ತಂದ್ಲು. ಅಕ್ಕನ ಸಂಘ ಗಡಹಿಂಗ್ಲಜದಾಗ ಚಾತುರ್ಮಾಸ ಮುಗಸಾಕ ಬಂದೈತಿ, ದೀಪಾವಳಿ ಆದ ಮ್ಯಾಲ ನಡಕೋತ ಇಚಲಕರಂಜಿ ಕಡೆ ಬರ್ತೈತಿ, ಕೊರೋಚಿ ದಾರಿಲೇ. ಅಂದ್ರ ನಮ್ಮ ಗೇಟಿನ ಮುಂದ ಹಾದು ಹೋಗ್ತೈತಿ. ನನಗ ನಿದ್ದಿ ಹತ್ತಲಿಲ್ಲ. ಆಕಿ ಒಮ್ಮೆ ಒಳಗ ಬರಬೇಕು, ಆ ಟ್ರ್ಯಾಕಿನ ಮ್ಯಾಲ ಒಂದ ಸುತ್ತು ನಡೀಬೇಕು. ನಡ್ಯೂವಾಗ ಬಾಯಿ ತಪ್ಪಿಯರ ಒಮ್ಮೆ “ಅಜ್ಯಾ” ಅನಬೇಕು. ನನಗ ಬೇಕಾದದ್ದು ಇಷ್ಟ.

ಒಬ್ಬನ ನೋಡಾಕ ಹೋದೆ. ಕೀಲಿ ತುಕ್ಕ ಹಿಡದಿತ್ತು, ಗೇಟ ಏರಿದೆ, ಪ್ಯಾಂಟ ಸಿಕ್ಕತು, ಒಣ ಹಾಕಿದ ಚೊಣ್ಣದಂಗ ಸ್ವಲ್ಪ ಹೊತ್ತು ಜೋತಾಡಿದೆ. ಒಳಗ ಬಿದ್ದ ಮ್ಯಾಲ ಟ್ರ್ಯಾಕ ಎಲ್ಲೈತಿ ಅಂತ ಗೊತ್ತಾಗವಲ್ತು. ಎದಿ ಮಟಾ ಹುಲ್ಲು, ನಡುವ ಜಾಲಿ ಕಂಟಿ, ಅದರ ಮ್ಯಾಲ ಹಬ್ಬಿದ ಬಳ್ಳಿ. ಕಣ್ಣಿಗೆ ಸಿಗದ್ದು ಕಾಲಿಗೆ ಸಿಕ್ತು. ಹುಲ್ಲಿನ ಬುಡಕ ಡಾಂಬರ ಗಟ್ಟಿ ಹತ್ತತಿತ್ತು, ಬಿಟ್ರ ಮೆತ್ತಗ ಮಣ್ಣು. ಹಂಗ ಕಾಲಲೇ ತಡಕಾಡಕೋತ ಮೊದಲನೇ ತಿರುವು, ಎರಡನೇ ತಿರುವು ದಾಟಿದೆ. ಟಾಯರಿನ ಕೆಂಪು ಬಣ್ಣ ಹೋಗಿತ್ತು, ಒಳಗ ಮಳಿ ನೀರು ನಿಂತು ಕಪ್ಪಿ ಸಂಸಾರ ಹೂಡಿದ್ದವು. ಬಾಯಿಲೇ ಇಂಜಿನ್ನಿನ ಸಪ್ಪಳಾ ಮಾಡ್ಕೋತ ಹೊಂಟಿದ್ದೆ, ಯಾರೂ ನೋಡೂದಿಲ್ಲಂತ. ಮೂರನೇ ತಿರುವಿಗೆ ಬಂದು ಹೊಳ್ಳಿ ನೋಡಿದ್ರ ನಮ್ಮ ಅಡಿಗಿ ಖೋಲಿ ಕಿಡಕಿ. ಚೌಕಟ್ಟ ಇಲ್ಲ, ಗ್ವಾಡ್ಯಾಗಿಂದ ಅರಳಿ ಗಿಡ ಒಂದ ಹೊರಗ ಬಂದಿತ್ತು. ನಾ ಅಲ್ಲೆ ನಿಂತು ಸ್ವಲ್ಪ ಹೊತ್ತು ಕಾಯ್ದೆ. ಅಜ್ಯಾ ಬಿದ್ದಾನ ಅಂತ ಒಳಗಿಂದ ಯಾರೂ ಹೇಳಲಿಲ್ಲ. ಅದಕ್ಕ ನಾನ ಕುಂತೆ.

ಮರುದಿನಾ ಗೇಟಿನ ಕೀಲಿ ಒಡದು, ಹುಲ್ಲು ಕತ್ತರಸೂ ಮಷಿನ್ ಬಾಡಿಗಿಗೆ ತಂದೆ. ಪೆಟ್ರೋಲ್ ಹಾಕೂವಾಗ ಗಾಳಸೂ ಅರಬಿ ನೆನಪಾಗಿ ಒಬ್ಬನ ನಕ್ಕೆ. ಮೊದಲನೇ ದಿನಾ ಬೂಟಿನ ಮೂತಿ ಹಾರಿಸಿದೆ, ಆಮ್ಯಾಲ ಅಪ್ಪ ನೆಟ್ಟಿದ್ದ ಪೇರಲ ಗಿಡ ಹಾರಿಸಿದೆ. ಕಂಟಿ ಕಡದೆ, ಅಂಗೈ ತುಂಬ ಬೊಕ್ಕಿ. ಅಪ್ಪ ಒಂದ ದಿನಾ ಸ್ಕೂಟರ ತಗೊಂಡ ಬಂದು, ಗೇಟಿನ ಹೊರಗ ನಿಂತು ನೋಡಿ, ಹೊಳ್ಳಿ ಹೋದ. ಸಂಘ ಬರೂ ಹಿಂದಿನ ದಿನಾ ಇಡೀ ಸುತ್ತು ಕಣ್ಣಿಗೆ ಬಿತ್ತು, ಕರ್ರಗ, ಸೀಳು ಬಿಟಗೊಂಡು, ಆದ್ರೂ ಟ್ರ್ಯಾಕನ.

ಅವರು ಬಿಸಲ ಇಳಿಯೂ ಮುಂದ ಬಂದ್ರು. ಬಿಳೀ ಸೀರಿ ಸಾಲು, ಹಿಂದ ಹಾಡಕೋತ ಬರೂ ಊರ ಮಂದಿ. ಅಪ್ಪ ಅವ್ವ ಗೇಟಿನ ಕಡೆ ನಿಂತಿದ್ರು. ಅಕ್ಕನ ಮುಖಾ ಬಿಸಲಿಗೆ ಕರ್ರಗಾಗಿತ್ತು, ಕಾಲಿನ ಹಿಮ್ಮಡ ಒಡದು ನಮ್ಮ ಡಾಂಬರಿನಂಗ ಆಗಿದ್ದವು. ಆಕಿಗೆ ಗಾಡಿ ಹಿಡಿಯೂದು ಕಲಿಸಿದ ಅಪ್ಪ, ರಸ್ತೇದಾಗ ಮಣಕಾಲೂರಿ ತಲಿ ನೆಲಕ್ಕ ಹಚ್ಚಿದ.

“ವಂದಾಮಿ ಮಾತಾಜಿ.”

ನಾ ಕೈ ಅಷ್ಟ ಮುಗದೆ. ಸಂಘದ ಕೂಡ ಸೇವಾಕ್ಕ ಇದ್ದ ದೀದಿಗೆ, ಮಾತಾಜಿ ಒಳಗ ಒಂದ ಸುತ್ತು ನಡೀಲಿ ಅಂತ ನಾ ಮೊದಲ ಹೇಳಿ ಇಟ್ಟಿದ್ದೆ, ಆಕಿ ಅಕ್ಕನ ಕಿವಿಯಾಗ ಏನೋ ಅಂದ್ಲು. ಅಕ್ಕ ನಿಂತ್ಲು. ಗೇಟಿನ್ಯಾಗಿಂದ ಒಳಗ ನೋಡಿದ್ಲು. ಆಕಿ ಕಣ್ಣ ಮೊದಲನೇ ತಿರುವಿನಿಂದ ಸುರುವಾಗಿ ಸುತ್ತು ಹಾಕಾಕತ್ತಿದ್ದು ನಾ ಕಂಡೇನಿ, ಮೂರನೇ ತಿರುವಿನ್ಯಾಗ ಅಗಲಕ ಹೋಗಿದ್ದೂ ಕಂಡೇನಿ. ನೀವು ನಂಬೂದ ಬ್ಯಾಡ. ಪಿಂಛಿಲೇ ಮುಂದಿನ ನೆಲಾ ಸಾವಕಾಶ ಬಳದು, ಬಲಗಾಲು ಎತ್ತಿದ್ಲು. ಎತ್ತಿದಾಕಿ ಬಾಜೂಕ ಗುಂಪಿ ಹಾಕಿದ ಹಸೀ ಹುಲ್ಲು ನೋಡಿ ಕೇಳಿದ್ಲು:

“ಇದು ಯಾವಾಗ ಕೊಯ್ದದ್ದು?”

ಎಷ್ಟ ವರ್ಷದ ಮ್ಯಾಲ ನನ್ನ ಕೂಡ ಮಾತಾಡಿದ್ಲು. ನನಗ ಭಕ್ತಿ ಉಕ್ಕಿ ಬಂತು.

“ನಿನ್ನೆ ಮುಗೀತ್ರಿ ಮಾತಾಜಿ. ನಾನ ಕೊಯ್ದೇನ್ರಿ, ಒಬ್ಬನ. ಎಲ್ಲಾ ನಿಮ್ಮ ಸಲುವಾಗಿ.”

ಅವ್ವ ಕಣ್ಣ ಮುಚ್ಚಿದ್ಲು.

ಅಕ್ಕ ಎತ್ತಿದ ಕಾಲು ಹಿಂದ ತಗೊಂಡ್ಲು. ಸಿಟ್ಟಾಗಲಿಲ್ಲ. ನನ್ನ ಅಂಗೈಯಾಗಿನ ಬೊಕ್ಕಿ ನೋಡಿದ್ಲು, ಆ ಹುಲ್ಲಿನ ಗುಂಪಿ ನೋಡಿದ್ಲು, ಎರಡನ್ನೂ ಒಂದ ರೀತಿಯಿಂದ ನೋಡಿದ್ಲು. ಆಮ್ಯಾಲ ಎಲ್ಲಾರಿಗೂ ಎತ್ತೂವಂಗ ನನಗೂ ಕೈ ಎತ್ತಿ ಆಶೀರ್ವಾದ ಮಾಡಿ, ರಸ್ತೆ ಹಿಡದು ಹೊಂಟ್ಲು. ನಡಿಗಿ ಜೋರ ಇತ್ತು. ಹಿಂದ ಉಳದ ದೀದಿ ನನ್ನ ಮುಖಾ ನೋಡಲಾರದ ಅಂದ್ಲು:

“ದಾದಾ, ಹಂಗ ಹೇಳಬಾರದಿತ್ರಿ. ತಮ್ಮ ಸಲುವಾಗಿ ಹುಲ್ಲು ಕೊಯ್ದಲ್ಲೆ ಅವರು ಕಾಲಿಡೂದಿಲ್ಲ. ದನಾ ಓಡ್ಯಾಡಿ ತುಳದ ದಾರಿ ಇದ್ದಿದ್ರ ಮಾತಾಜಿ ನಡೀತಿದ್ರು.”

ಮಂದಿ ಹೋದ್ರು. ಅಪ್ಪ ಅವ್ವ ಟೆಂಪೋ ಹತ್ತಿದ್ರು. ನಾ ಒಬ್ಬನ ಬೂಟ ಬಿಚ್ಚಿ ಒಂದ ಸುತ್ತು ನಡದೆ, ಕೊಯ್ದ ಹುಲ್ಲಿನ ಬುಡಾ ಕಾಲಿಗೆ ಚುಚ್ಚತಿತ್ತು. ಗೇಟಿಗೆ ಮುಟ್ಟೂದರಾಗ ಹೊತ್ತು ಮುಳುಗಿತ್ತು. ಅವತ್ತ ನನಗ ಉಪಾಸ.

ಈಗ ನಾ ಒಂದ ಎಮ್ಮಿ ತಗೊಂಡೇನಿ. ಪಾವರಲೂಮಿನಾಂವಗ ಎಮ್ಮಿ ಯಾಕ ಅಂತ ಕಬನೂರ ಮಂದಿ ನಗ್ತಾರ. ವ್ಯಾಪಾರಿ ನನ್ನ ಮುಖಾ ನೋಡೇ ಕೊಟ್ಟಾನ, ಅದು ಹಾಲಾ ಕೊಡೂದಿಲ್ಲ, ಒದಿಕಿ ಅಷ್ಟ ಕೊಡ್ತೈತಿ. ದಿನಾ ಸಂಜಿಮುಂದ ಅದನ್ನ ಕೊರೋಚಿ ಮಾಳಕ್ಕ ಬಿಡ್ತೇನಿ. ಅದು ಟ್ರ್ಯಾಕಿನ ಮ್ಯಾಲ ಮೇಯ್ಕೋತ ಮುಂದ ಹೋಗ್ತೈತಿ, ನಾ ಹಿಂದ. ನಿಂತ್ರ ಹಿಂದಿಂದ ನೂಕ್ತೇನಿ. ಹುಲ್ಲು ಮತ್ತ ಬರಾಕತ್ತೈತಿ, ಆದ್ರ ನಡುವ ಒಂದ ದಾರಿ ಬಿದ್ದೈತಿ, ಕಾಲಿಗೆ ಮೆತ್ತಗ ಹತ್ತೂವಂಥಾದ್ದು. ಯಾವ ವರ್ಷರ ಸಂಘ ಮತ್ತ ಈ ದಾರಿಲೇ ಬಂದ್ರ, ಇದು ಯಾರ ಸಲುವಾಗಿ ಅಂತ ಮಾತಾಜಿ ಕೇಳಿದ್ರ, ಎಮ್ಮಿ ಸಲುವಾಗಿ ಅಂತ ಹೇಳಬೇಕು. ಬರೇ ಬಾಯಿಲೇ ಹೇಳಿದ್ರ ಆಗೂದಿಲ್ಲ, ಅದು ಖರೇ ಇರಬೇಕು. ಅದಕ್ಕ ದಿನಾ ಎಮ್ಮಿ ಹಿಂದ ನಡಕೋತ, ಇದು ಅಕ್ಕನ ಸಲುವಾಗಿ ಅಲ್ಲ, ಅಕ್ಕನ ಸಲುವಾಗಿ ಅಲ್ಲ ಅಂತ ರೂಢಿ ಮಾಡ್ಕೊಳ್ಳಾಕತ್ತೇನಿ. ಆಕಿ ನೆನಪಾಗದ ಮೊದಲನೇ ತಿರುವು ಸುದ್ದಾ ಇನ್ನೂ ದಾಟಾಕ ಆಗಿಲ್ಲ.